ಜೇಬಿನಲ್ಲಿರುವ ಕಾರ್ಡಿನಿಂದ ದೂರದಲ್ಲೇ ನಿಂತು ಹಣ ಎಗರಿಸಬಹುದೇ?

ಬಸ್ಸಿನ ನೂಕುನುಗ್ಗಲಿನಲ್ಲಿ ಸ್ವೈಪ್ ಮಷಿನ್ ಹಿಡಿದವನು ಪಕ್ಕದಲ್ಲಿ ಹಾದುಹೋದರೂ ಸಾಕು, ಕಾರ್ಡಿನಿಂದ ಹಣ ಹೋಗುತ್ತದೆ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ನಮಗೂ ಆಗಾಗ ಬರುತ್ತದೆ. ಇದು ಎಷ್ಟು ನಿಜ?

ಟ್ಯಾಪ್ ಮಾಡುವ ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಪ್ಲಾಸ್ಟಿಕ್ ಪದರಗಳ ನಡುವೆ ತೆಳುವಾದ ಲೋಹದ ತಂತಿ ಕೆಲವು ಸುತ್ತು ಬಂದಿರುತ್ತದೆ. ಅದೇ ಆಂಟೆನಾ. ಮಷಿನ್‌ನಲ್ಲೂ ಇಂಥದೇ ಸುರುಳಿಯಿದ್ದು, 13.56 ಮೆಗಾಹರ್ಟ್ಸ್‌ನಲ್ಲಿ ಕಾಂತಕ್ಷೇತ್ರ ಉಂಟುಮಾಡುತ್ತದೆ. ಅದರೊಳಗೆ ಬಂದ ಕಾರ್ಡಿನ ಸುರುಳಿಯಲ್ಲಿ ವಿದ್ಯುತ್ ಹುಟ್ಟಿ ಚಿಪ್ ಎಚ್ಚರಗೊಳ್ಳುತ್ತದೆ. ಉತ್ತರಿಸಲು ಚಿಪ್ ತಾನಾಗಿ ಏನನ್ನೂ ಪ್ರಸಾರ ಮಾಡುವುದಿಲ್ಲ. ತಾನು ಎಳೆದುಕೊಳ್ಳುವ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ, ಮಷಿನ್ ಆ ಏರಿಳಿತವನ್ನೇ ಓದಿಕೊಳ್ಳುತ್ತದೆ. ದೂರ ಸರಿದಂತೆ ಈ ಕ್ಷೇತ್ರ ಬಹುಬೇಗ ಕುಗ್ಗುತ್ತದೆ. ಹಾಗಾಗಿಯೇ ಅಂಗಡಿಯಲ್ಲಿ ಕಾರ್ಡನ್ನು ಸುಮಾರು 4 ಸೆಂಟಿಮೀಟರ್ ಒಳಗೆ ಹಿಡಿಯಬೇಕು.

ಹಾಗಾದರೆ ಫಾರ್ವರ್ಡ್ ಪೂರ್ತಿ ಸುಳ್ಳೇ? ಹಾಗೇನಿಲ್ಲ. ಮಷಿನ್ ಅನ್ನು ಜೇಬಿಗೇ ತಾಗಿಸಿದರೆ ತಾಂತ್ರಿಕವಾಗಿ ಸಾಧ್ಯ. ಭಾರತದಲ್ಲಿ 5,000 ರೂಪಾಯಿವರೆಗಿನ ಟ್ಯಾಪ್ ಪಾವತಿಗೆ ಪಿನ್ ಕಡ್ಡಾಯವಲ್ಲ. ಆದರೆ ಹಣ ಸೇರುವುದು ಮಷಿನ್ ಪಡೆದ ವ್ಯಾಪಾರಿಯ ಖಾತೆಗೆ, ಆತನ ಗುರುತು ಬ್ಯಾಂಕಿನಲ್ಲಿ ದಾಖಲಾಗಿರುತ್ತದೆ. ಪರ್ಸಿನಲ್ಲಿ ಇಂಥ ಎರಡು ಕಾರ್ಡ್ ಒಟ್ಟಿಗಿದ್ದರೆ ಮಷಿನ್ ಸಾಮಾನ್ಯವಾಗಿ ಒಂದನ್ನೇ ತೋರಿಸಿ ಎಂದು ಕೇಳಿ ನಿಲ್ಲುತ್ತದೆ. ಅಲ್ಯೂಮಿನಿಯಂ ಫಾಯಿಲ್ ಸುತ್ತಿದರೂ ತಡೆಯಾಗುತ್ತದೆ, ನಿಜ. ಅಷ್ಟು ಕಷ್ಟಪಡುವುದಕ್ಕಿಂತ, ಬೇಡವೆನಿಸಿದರೆ ಬ್ಯಾಂಕಿನ ಆ್ಯಪ್‌ನಲ್ಲಿ ಕಾಂಟ್ಯಾಕ್ಟ್‌ಲೆಸ್ ಸೌಲಭ್ಯವನ್ನೇ ಆಫ್ ಮಾಡಿಡಬಹುದು.