ಕಾಡೇ ಲಾಯ: ಹೆಗ್ಗಡದೇವನಕೋಟೆ, ಹುಣಸೂರು ಸೀಮೆಯ ಆನೆ ಶಿಬಿರಗಳು

ಪಳಗಿಸಿದ ಆನೆಗಳನ್ನು ಲಾಯದಲ್ಲಿ ಕಟ್ಟಿಹಾಕದೆ ಕಾಡಿನಲ್ಲೇ ಮೇಯಲು ಬಿಟ್ಟು ಸಾಕುವ ಕ್ರಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಮತ್ತು ಹುಣಸೂರು ತಾಲ್ಲೂಕುಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇದರ ಇತಿಹಾಸ ಕಾಕನಕೋಟೆಯ ಖೆಡ್ಡಾದೊಂದಿಗೆ, ಅಂದರೆ ಕಾಡಾನೆಗಳ ಹಿಂಡನ್ನು ಆವರಣಕ್ಕೆ ಅಟ್ಟಿ ಹಿಡಿಯುವ ಕ್ರಮದೊಂದಿಗೆ, ಹೆಣೆದುಕೊಂಡಿದೆ.

ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯಲು ಹೈದರಾಲಿ ಯತ್ನಿಸಿ ಸೋತ ಸಂಗತಿಯನ್ನು ಬ್ರಿಟಿಷ್ ಅಧಿಕಾರಿ ಜಿ. ಪಿ. ಸ್ಯಾಂಡರ್ಸನ್ 1878ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ದಾಖಲಿಸಿದ್ದಾನೆ. ಮುಂದೆ ಯಾರೂ ಈ ಕೆಲಸಕ್ಕೆ ಕೈಹಾಕಬಾರದೆಂದು ಶಾಪವನ್ನೂ ಕಲ್ಲಿನಲ್ಲಿ ಕೆತ್ತಿಸಲಾಗಿತ್ತಂತೆ. 1874ರಲ್ಲಿ ಸ್ಯಾಂಡರ್ಸನ್ ಚಾಮರಾಜನಗರದ ಬಳಿ ಖೆಡ್ಡಾ ನಡೆಸಿ ಯಶಸ್ವಿಯಾದ. ಆಮೇಲೆ ಕಾಕನಕೋಟೆಯೇ ಖೆಡ್ಡಾದ ಮುಖ್ಯ ನೆಲೆಯಾಯಿತು. ಹಿಂಡನ್ನು ತಮಟೆ, ಕೂಗುಗಳಿಂದ ಬೆದರಿಸಿ ಕಬಿನಿ ಹೊಳೆ ದಾಟಿಸಿ, ದಿಮ್ಮಿಗಳ ಆವರಣದೊಳಗೆ ನುಗ್ಗಿಸುತ್ತಿದ್ದರು. ಪಳಗಿದ ಕುಮ್ಕಿ ಆನೆಗಳ ನೆರವಿನಿಂದ ಒಂದೊಂದಕ್ಕೂ ಹಗ್ಗ ಬಿಗಿದು ಮರಗಳಿಗೆ ಕಟ್ಟುತ್ತಿದ್ದರು.

ಹಿಡಿದ ಆನೆಗೆ ಬಂಧನ ಎರಡು ಹಂತದ್ದು. ಮೊದಲನೆಯದು ಪಳಗಿಸುವ ಕಾಲದ ಕಟ್ಟುನಿಟ್ಟಿನ ಬಂಧನ. ಖೆಡ್ಡಾ ನಿಂತ ಮೇಲೆ ಇದಕ್ಕೆ ದಪ್ಪ ದಿಮ್ಮಿಗಳ ದೊಡ್ಡಿ, ಅಂದರೆ ಕ್ರಾಲ್, ಬಳಕೆಯಲ್ಲಿದೆ. ಎರಡನೆಯದು ಶಿಬಿರದ ಬದುಕು. ಇಲ್ಲಿ ಗೋಡೆಯೂ ಇಲ್ಲ, ಬೇಲಿಯೂ ಇಲ್ಲ. ಹಗಲಿನ ಕೆಲಸ ಮತ್ತು ಹೊಳೆಯ ಸ್ನಾನ ಮುಗಿದ ಮೇಲೆ ಕಾಲಿಗೆ ಉದ್ದನೆಯ ಸರಪಳಿ ಹಾಕಿ ಆನೆಯನ್ನು ಕಾಡಿಗೆ ಬಿಡುತ್ತಾರೆ. ಹುಲ್ಲು, ಬಿದಿರು, ಆಲದ ಸೊಪ್ಪು, ಮರದ ತೊಗಟೆಯನ್ನು ಅದು ತಾನೇ ಹುಡುಕಿ ತಿನ್ನುತ್ತದೆ. ಬೆಳಗ್ಗೆ ಮಾವುತ ಮತ್ತು ಅವನ ಸಹಾಯಕ ಕಾವಾಡಿ ಸರಪಳಿ ಎಳೆದ ಗುರುತು ಹಿಡಿದು ಹೋಗಿ ಕರೆತರುತ್ತಾರೆ. ರಾಗಿ, ಹುರುಳಿಯ ಮುದ್ದೆಗಳೂ, ಭತ್ತ, ಬೆಲ್ಲವನ್ನು ಹುಲ್ಲಿನಲ್ಲಿ ಸುತ್ತಿದ ಕುಸುರೆಯೂ ಶಿಬಿರದಲ್ಲಿ ಸಿಗುವ ಪೂರಕ ಆಹಾರ. ಹೊಟ್ಟೆ ತುಂಬಿಸುವುದು ಮಾತ್ರ ಕಾಡೇ.

ಈ ವಿದ್ಯೆ ಬರವಣಿಗೆಯಿಂದ ಬಂದದ್ದಲ್ಲ. ಜೇನುಕುರುಬರ ಮತ್ತು ಮುಸ್ಲಿಂ ಮಾವುತರ ಮನೆಗಳಲ್ಲಿ ತಂದೆಯಿಂದ ಮಗನಿಗೆ ಇಳಿದುಬಂದದ್ದು. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಮಾವುತನ ಮಗನಾಗಿ ಹುಟ್ಟಿದ ಸಾಬು, 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ ನಟಿಸಿ ಹಾಲಿವುಡ್‌ವರೆಗೆ ಹೋದ.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಬೀಚನಹಳ್ಳಿಯ ಕಬಿನಿ ಅಣೆಕಟ್ಟು ಪೂರ್ಣಗೊಂಡು ಖೆಡ್ಡಾ ನಡೆಯುತ್ತಿದ್ದ ನೆಲವೂ ಮುಳುಗಿತು. ಶಿಬಿರದ ಆನೆಗಳು ಮಾಡುತ್ತಿದ್ದ ನಾಟಾ ಎಳೆಯುವ ಕೆಲಸವೂ ಕ್ರಮೇಣ ನಿಂತಿತು. ಶಿಬಿರಗಳು ಮಾತ್ರ ಉಳಿದವು. ಹೆಗ್ಗಡದೇವನಕೋಟೆಯ ಬಳ್ಳೆ, ಹುಣಸೂರಿನ ಭೀಮನಕಟ್ಟೆ, ಕೊಡಗಿನ ಅಂಚಿನ ಮತ್ತಿಗೋಡು ಇವುಗಳಲ್ಲಿ ಮುಖ್ಯವಾದವು. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಯಾದ ಅರ್ಜುನ ಎಂಬ ಆನೆ ಬಳ್ಳೆಯಲ್ಲಿದ್ದು, 2012ರಿಂದ 2019ರವರೆಗೆ ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ. ದಸರಾ ಆನೆಗಳ ಗಜಪಯಣ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಹೊರಡುತ್ತದೆ. ಹಬ್ಬ ಮುಗಿದ ಮೇಲೆ ಅವು ಮೈಸೂರು ಅರಮನೆಯ ಆವರಣದಿಂದ ಮತ್ತೆ ಶಿಬಿರಗಳಿಗೆ ಮರಳುತ್ತವೆ.

ತೆರೆದ ನೆಲೆಗೆ ತಕ್ಕ ಅಪಾಯವೂ ಇದೆ. ಅಂಬಾರಿ ಹೊರುತ್ತಿದ್ದ ಆನೆ ದ್ರೋಣ 1998ರಲ್ಲಿ ಬಳ್ಳೆಯ ಬಳಿ ಮೇಯುತ್ತಿದ್ದಾಗ ವಿದ್ಯುತ್ ತಂತಿ ತಗುಲಿ ಸತ್ತ. ಮತ್ತಿಗೋಡಿನ ಆನೆ ಗೋಪಾಲಸ್ವಾಮಿ 2022ರ ನವೆಂಬರಿನಲ್ಲಿ ಮೇಯಲು ಹೋದಾಗ ಕಾಡಾನೆಯೊಂದಿಗೆ ಕಾದಾಡಿ ಪ್ರಾಣ ಬಿಟ್ಟ. ಆದರೂ ಅರಣ್ಯ ಇಲಾಖೆ ಈ ಕ್ರಮವನ್ನು ಕೈಬಿಟ್ಟಿಲ್ಲ. ದಿನದ ಬಹುಪಾಲು ನಡೆಯುತ್ತ, ಮೇಯುತ್ತ ಕಳೆಯುವ ಪ್ರಾಣಿಗೆ ಕಟ್ಟಿದ ಲಾಯದಲ್ಲಿ ಆ ಮೇವೂ ಸಿಗದು, ಆ ನಡಿಗೆಯೂ ಸಿಗದು. ಆದರೆ ಕಾಡಿನಲ್ಲಿ ಲಂಟಾನ ಕಳೆ ಹಬ್ಬಿ ಹುಲ್ಲು ಕಡಿಮೆಯಾದಷ್ಟೂ ಶಿಬಿರದ ಆನೆಗಳಿಗೆ ಹೊರಗಿನ ಮೇವು ಹೆಚ್ಚು ಬೇಕಾಗುತ್ತದೆ. ಸುತ್ತಲಿನ ಕಾಡು ಉಳಿದಷ್ಟು ದಿನ ಮಾತ್ರ ಈ ಪದ್ಧತಿ ಉಳಿಯಬಲ್ಲದು.