ಧರ್ಮದ್ರವ್ಯದ ರಕ್ಷಣೆ: ೧೯೫೪ರ ಒಂದು ತೀರ್ಪು

ದಾನ ಮಾಡುವುದಕ್ಕಿಂತಲೂ ಹಿಂದಿನವರು ಮಾಡಿದ ದಾನವನ್ನು ಪಾಲಿಸುವುದೇ ಮಿಗಿಲೆಂಬ ಭಾವನೆ ನಮ್ಮ ನಾಡಿನ ಶಿಲಾಶಾಸನಗಳಲ್ಲಿ ಮತ್ತೆ ಮತ್ತೆ ಕಾಣಸಿಗುತ್ತದೆ. ಬಸದಿಗೆ ಬಿಟ್ಟ ಭೂಮಿಯನ್ನು ಅಪಹರಿಸಿದವನಿಗೆ ಶಾಪ, ಕಾಪಾಡಿದವನಿಗೆ ಪುಣ್ಯ: ಇದೇ ಆ ಕಾಲದ ಕಾಯಿದೆ. ಇಂದು ಶಾಸನದ ಕಲ್ಲಿನ ಸ್ಥಾನದಲ್ಲಿ ನೋಂದಣಿ ಪುಸ್ತಕವಿದೆ, ಶಾಪದ ಸ್ಥಾನದಲ್ಲಿ ಸರಕಾರದ ಅಧಿನಿಯಮವಿದೆ. ಈ ಪರಿವರ್ತನೆಯ ಸಂಧಿಕಾಲದಲ್ಲಿ ಜೈನ ಗೃಹಸ್ಥರೊಬ್ಬರು ಸರ್ವೋಚ್ಚ ನ್ಯಾಯಾಲಯದವರೆಗೆ ಒಯ್ದ ವ್ಯಾಜ್ಯವೊಂದನ್ನು ನಮ್ಮ ಬಸದಿಗಳ ಟ್ರಸ್ಟಿಗಳೆಲ್ಲರೂ ಅರಿತಿರಬೇಕೆಂಬುದು ಈ ಲೇಖನದ ಆಶಯ.

೧೯೫೦ರಲ್ಲಿ ಬೊಂಬಾಯಿ ಸಾರ್ವಜನಿಕ ನ್ಯಾಸಗಳ ಅಧಿನಿಯಮ ಜಾರಿಗೆ ಬಂದಿತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ೧೯೫೬ರ ನವೆಂಬರ್ ೧ರವರೆಗೂ ಬೊಂಬಾಯಿ ರಾಜ್ಯದಲ್ಲಿಯೇ ಇದ್ದುದರಿಂದ, ಇದು ಕನ್ನಡ ಜೈನರಿಗೂ ಸಂಬಂಧಿಸಿದ ಕಾಯಿದೆಯಾಗಿತ್ತು. ನ್ಯಾಸಗಳ ನೋಂದಣಿ, ಲೆಕ್ಕಪತ್ರಗಳ ತಪಾಸಣೆ, ಸ್ಥಿರಾಸ್ತಿಯ ಮಾರಾಟಕ್ಕೆ ಪೂರ್ವಾನುಮತಿ ಇವೆಲ್ಲವೂ ಅದರಲ್ಲಿದ್ದವು. ಇವುಗಳ ಮೇಲ್ವಿಚಾರಣೆಗೆ ಚಾರಿಟಿ ಕಮಿಷನರ್ ಎಂಬ ಅಧಿಕಾರಿಯನ್ನು ನೇಮಿಸಲಾಯಿತು.

ರತಿಲಾಲ್ ಪಾನಾಚಂದ್ ಗಾಂಧಿ ಎಂಬವರು ಒಂದು ಜೈನ ದೇರಾಸರದ ವಹಿವಾಟುದಾರರು. ಈ ಅಧಿನಿಯಮವು ಸಂವಿಧಾನದ ೨೫ ಮತ್ತು ೨೬ನೆಯ ಅನುಚ್ಛೇದಗಳು ಕೊಟ್ಟ ಧಾರ್ಮಿಕ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಅವರು ನ್ಯಾಯಾಲಯದ ಮೊರೆಹೊಕ್ಕರು. ಬೊಂಬಾಯಿಯ ಪಾರಸಿ ಪಂಚಾಯತದ ಟ್ರಸ್ಟಿಗಳೂ ಇಂಥದೇ ಅರ್ಜಿ ಸಲ್ಲಿಸಿದ್ದರು. ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠದ ಪರವಾಗಿ ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯವರು ೧೯೫೪ರ ಮಾರ್ಚ್ ತಿಂಗಳಲ್ಲಿ ತೀರ್ಪನ್ನಿತ್ತರು. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಶಿರೂರು ಮಠದ ಪ್ರಸಿದ್ಧ ತೀರ್ಪನ್ನು ಅದೇ ವರ್ಷ ಬರೆದವರೂ ಅವರೇ.

ತೀರ್ಪು ಎರಡೂ ಪಕ್ಷಗಳಿಗೆ ಪಾಠ ಹೇಳಿತು. ಧರ್ಮವೆಂದರೆ ಕೇವಲ ನಂಬಿಕೆಯಲ್ಲ, ಆ ನಂಬಿಕೆಯಿಂದ ಹುಟ್ಟಿದ ಆಚರಣೆಗಳೂ ಧರ್ಮದ ಅಂಗಗಳೇ. ಯಾವುದು ಧರ್ಮದ ಅಂಗವೆಂಬುದನ್ನು ಆಯಾ ಸಂಪ್ರದಾಯದ ಸಿದ್ಧಾಂತದಿಂದಲೇ ಅರಿಯಬೇಕು ಎಂದು ನ್ಯಾಯಾಲಯ ಸಾರಿತು. ಆದರೆ ಆಸ್ತಿಯ ಆಡಳಿತವನ್ನು ಕಾನೂನಿಗನುಸಾರವಾಗಿಯೇ ನಡೆಸಬೇಕು. ಆದಕಾರಣ ನೋಂದಣಿ, ಲೆಕ್ಕಪರಿಶೋಧನೆ, ಮಾರಾಟದ ಅನುಮತಿ ಮೊದಲಾದ ನಿಯಮಗಳು ಊರ್ಜಿತವಾದವು.

ವಂತಿಗೆಯ ಪ್ರಶ್ನೆಯೂ ಬಂದಿತು. ನ್ಯಾಸಗಳು ತಮ್ಮ ವಾರ್ಷಿಕ ಒಟ್ಟು ಆದಾಯದ ಶೇಕಡಾ ೨ನ್ನು ಕೊಡಬೇಕಿತ್ತು. ಆ ಹಣ ಪ್ರತ್ಯೇಕ ಆಡಳಿತ ನಿಧಿಗೆ ಸೇರಿ ನ್ಯಾಸಗಳ ಮೇಲ್ವಿಚಾರಣೆಗೇ ವಿನಿಯೋಗವಾಗುತ್ತಿದ್ದುದರಿಂದ ಅದು ತೆರಿಗೆಯಲ್ಲ, ಸೇವೆಗೆ ಕೊಡುವ ಶುಲ್ಕವೆಂದು ನ್ಯಾಯಾಲಯ ಒಪ್ಪಿತು. ಶಿರೂರು ಮಠದ ಪ್ರಕರಣದಲ್ಲಿ ಮದರಾಸು ಸರಕಾರ ವಿಧಿಸಿದ್ದ ಶೇಕಡಾ ೫ರವರೆಗಿನ ವಂತಿಗೆ ಸರಕಾರದ ಸಾಮಾನ್ಯ ನಿಧಿಗೆ ಸೇರುತ್ತಿದ್ದುದರಿಂದ ತೆರಿಗೆಯೆನಿಸಿ ಬಿದ್ದುಹೋಯಿತು. ವಂತಿಗೆಯ ಪ್ರಮಾಣಕ್ಕಿಂತ ಅದು ಸೇರುವ ಖಾತೆ ಮುಖ್ಯವೆಂಬುದನ್ನು ವ್ಯಾಪಾರಸ್ಥರಾದ ನಾವು ಸುಲಭವಾಗಿ ಗ್ರಹಿಸಬಲ್ಲೆವು.

ಎರಡು ವಿಷಯಗಳಲ್ಲಿ ಮಾತ್ರ ಅಧಿನಿಯಮಕ್ಕೆ ತಡೆ ಬಿದ್ದಿತು. ದೇವಾಲಯ, ಮಠಗಳಂಥ ಧಾರ್ಮಿಕ ಸಂಸ್ಥೆಗೆ ಚಾರಿಟಿ ಕಮಿಷನರರನ್ನೇ ಟ್ರಸ್ಟಿಯನ್ನಾಗಿ ನೇಮಿಸುವ ಅವಕಾಶ ಅಸಿಂಧುವಾಯಿತು. ಎರಡನೆಯದು ಇನ್ನೂ ಮಹತ್ವದ್ದು. ದಾನಿಯ ಮೂಲ ಉದ್ದೇಶವನ್ನು ನೆರವೇರಿಸುವುದು ಸಾಧ್ಯವಿದ್ದರೂ, ಸಾರ್ವಜನಿಕ ಹಿತದ ದೃಷ್ಟಿಯಿಂದ ಅದು ಉಚಿತವಲ್ಲವೆಂದು ಕಂಡರೆ ಆ ಹಣವನ್ನು ಬೇರೆ ಕಾರ್ಯಕ್ಕೆ ತಿರುಗಿಸಬಹುದೆಂದು ಅಧಿನಿಯಮ ಹೇಳಿತ್ತು. ಮೂಲ ಉದ್ದೇಶ ಸಾಧ್ಯವಿರುವಾಗ ಧರ್ಮಕ್ಕೆ ಮೀಸಲಿಟ್ಟ ದ್ರವ್ಯವನ್ನು ಎಷ್ಟೇ ಒಳ್ಳೆಯದೆನಿಸುವ ಅನ್ಯ ಕಾರ್ಯಕ್ಕೂ ಒಯ್ಯುವಂತಿಲ್ಲವೆಂದು ನ್ಯಾಯಾಲಯ ಆ ಭಾಗವನ್ನು ರದ್ದುಗೊಳಿಸಿತು. ಉದ್ದೇಶವೇ ವಿಫಲವಾದಾಗ, ಇಲ್ಲವೆ ಹಣ ಬಳಕೆಯಾಗದೆ ಉಳಿದಾಗ ಮಾತ್ರ ನ್ಯಾಯಾಲಯದ ಮೂಲಕ ಬೇರೆ ದಾರಿ ಹುಡುಕಬಹುದು.

ಈ ತೀರ್ಪನ್ನು ಸರಕಾರದ ಎದುರಿಗೆ ಹಿಡಿಯುವ ಗುರಾಣಿಯೆಂದೇ ನಾವು ಭಾವಿಸುತ್ತೇವೆ. ಆದರೆ ಅದು ನಮ್ಮ ಎದುರಿಗೆ ಹಿಡಿದ ಕನ್ನಡಿಯೂ ಹೌದು. ಹಲವು ವರ್ಷಗಳ ಹಿಂದೆ ಒಂದು ಬಸದಿಯ ಲೆಕ್ಕ ನೋಡುವ ಹೊಣೆ ನನಗೆ ಬಂದಿತ್ತು. ವೃದ್ಧೆಯೊಬ್ಬರು ಮುನಿಗಳ ಆಹಾರದಾನಕ್ಕೆಂದು ಇಟ್ಟ ನಿಧಿಯ ಬಡ್ಡಿಯನ್ನು ಸಭಾಭವನದ ಬಣ್ಣಕ್ಕೆ ಖರ್ಚು ಮಾಡಿದ್ದರು. ಯಾರೂ ಒಂದು ಕಾಸನ್ನೂ ಮನೆಗೆ ಒಯ್ದಿರಲಿಲ್ಲ. “ಇದೂ ಬಸದಿಯ ಕೆಲಸವೇ ಅಲ್ಲವೆ?” ಎಂದು ಕಾರ್ಯದರ್ಶಿಗಳು ಕೇಳಿದರು. ಆಕ್ಷಣ ನನಗೆ ಉತ್ತರ ಹೊಳೆಯಲಿಲ್ಲ. ಆ ವರ್ಷದ ಲೆಕ್ಕಕ್ಕೆ ಸಹಿ ಮಾಡಿದೆ. ಈ ತೀರ್ಪನ್ನು ಓದಿದ್ದು ಅನಂತರ. ಮರುವರ್ಷ ಸಮಿತಿಯ ಮುಂದೆ ತಪ್ಪೊಪ್ಪಿಕೊಂಡು, ಆ ಹಣವನ್ನು ಆಹಾರದಾನದ ಖಾತೆಗೆ ಹಿಂದಿರುಗಿಸಬೇಕೆಂದು ಬಿನ್ನವಿಸಿದೆ. ಸಮಿತಿ ಒಪ್ಪಿತು. ಆದರೆ ಅಷ್ಟರಲ್ಲಿ ಆ ತಾಯಿ ತೀರಿಕೊಂಡಿದ್ದರು.

ಕೊಡದುದನ್ನು ಕೊಳ್ಳುವುದು ಸ್ತೇಯವೆಂದು ನಮ್ಮ ಶಾಸ್ತ್ರ ಹೇಳುತ್ತದೆ. ಆಹಾರದಾನಕ್ಕೆ ಕೊಟ್ಟುದನ್ನು ಬಣ್ಣಕ್ಕೆ ಕೊಂಡರೆ, ಅದು ಬಣ್ಣಕ್ಕೆ ಕೊಡದುದನ್ನು ಕೊಂಡಂತೆಯೇ. ಅಧಿಕಾರಿಯ ಕೈಯಿಂದ ನ್ಯಾಯಾಲಯ ಕಿತ್ತುಕೊಂಡ ಸ್ವಾತಂತ್ರ್ಯವನ್ನು ಟ್ರಸ್ಟಿಗಳಾದ ನಾವು ಸದ್ದಿಲ್ಲದೆ ವಹಿಸಿಕೊಳ್ಳುವುದು ನ್ಯಾಯವೆ? ಪ್ರತಿ ಬಸದಿಯಲ್ಲಿಯೂ ಉದ್ದೇಶಕ್ಕೊಂದು ಖಾತೆ ಇರಲಿ, ದಾನಿಯ ಮಾತನ್ನು ಆ ಖಾತೆಯ ಮೊದಲ ಪುಟದಲ್ಲಿಯೇ ಬರೆದಿಡಲಿ, ವರ್ಷಕ್ಕೊಮ್ಮೆ ಶ್ರಾವಕರ ಸಭೆಯಲ್ಲಿ ಅದನ್ನು ಓದಿ ಹೇಳಲಿ. ಹಿಂದಿನವರು ಕಲ್ಲಿನಲ್ಲಿ ಕೊರೆಸಿಟ್ಟ ಎಚ್ಚರವನ್ನು ನಾವು ಕಾಗದದಲ್ಲಾದರೂ ಉಳಿಸಿಕೊಳ್ಳೋಣ.