ರ‍್ಯಾಮ್ ಜೋಡಿ ಒಂದೇ ಅಳತೆ ಇರಲೇಬೇಕಾ? ಒಂದು ಹಳೇ ನಿಯಮದ ಕಥೆ

4 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್‌ಗೆ ಇನ್ನೊಂದು 8 ಜಿಬಿ ಹಾಕಿಸಲು ಹೋದರೆ ಹಲವು ಕಡೆ ಒಂದೇ ಉತ್ತರ: "ಎರಡೂ ಒಂದೇ ಅಳತೆ ಇರಬೇಕು. ಹಳೇದು ತೆಗೆದು ಎರಡು ಹೊಸದು ಹಾಕಿ." ಮಕ್ಕಳ ಓದಿಗೆಂದು ಲ್ಯಾಪ್‌ಟಾಪ್ ಇಟ್ಟುಕೊಂಡ ಮನೆಗೆ ಇದು ಸಣ್ಣ ಖರ್ಚಲ್ಲ. ಒಂದು ಕಾಲಕ್ಕೆ ಈ ಮಾತು ನಿಜವೇ ಆಗಿತ್ತು. ಅದು ಎಲ್ಲಿಂದ ಬಂತು ನೋಡೋಣ.

ಪ್ರೊಸೆಸರ್ ಮತ್ತು ರ‍್ಯಾಮ್ ನಡುವೆ ಮಾಹಿತಿ ಓಡಾಡಲು ಒಂದು ದಾರಿ ಇದೆ. ಅದರ ಅಗಲವನ್ನು ಬಿಟ್‌ಗಳಲ್ಲಿ ಅಳೆಯುತ್ತಾರೆ. 1989ರಲ್ಲಿ ಬಂದ ಇಂಟೆಲ್ 486ರ ದಾರಿ 32 ಬಿಟ್. ಆಗಿನ 30 ಪಿನ್‌ಗಳ ರ‍್ಯಾಮ್ ಪಟ್ಟಿ ತುಂಬುತ್ತಿದ್ದುದು 8 ಬಿಟ್ ಮಾತ್ರ. ಹಾಗಾಗಿ ಒಂದೇ ಅಳತೆಯ ನಾಲ್ಕು ಪಟ್ಟಿ ಬೇಕಿತ್ತು. 1993ರಲ್ಲಿ ಬಂದ ಪೆಂಟಿಯಂನ ದಾರಿ 64 ಬಿಟ್, 72 ಪಿನ್‌ಗಳ ಪಟ್ಟಿಯದು 32 ಬಿಟ್. ಅಲ್ಲಿ ಎರಡು ಬೇಕಾಯಿತು. ನೊಗದ ಒಂದೇ ಕಡೆ ಎತ್ತು ಕಟ್ಟಿದರೆ ನೇಗಿಲು ಸಾಗದು. ಹಾಗೆಯೇ ಒಂದೇ ಪಟ್ಟಿ ಹಾಕಿದರೆ ಆ ಕಾಲದ ಬಹುತೇಕ ಪೆಂಟಿಯಂ ಕಂಪ್ಯೂಟರ್‌ಗಳು ಶುರುವೇ ಆಗುತ್ತಿರಲಿಲ್ಲ.

1990ರ ದಶಕದ ಕೊನೆಗೆ 168 ಪಿನ್‌ಗಳ ಡಿಮ್ ಬಳಕೆಗೆ ಬಂತು. ಅದು ಒಂದೇ 64 ಬಿಟ್ ತುಂಬುತ್ತಿತ್ತು. ಲ್ಯಾಪ್‌ಟಾಪ್‌ಗೆ ಅದರ ಚಿಕ್ಕ ರೂಪ ಎಸ್‌ಒ-ಡಿಮ್. ಅಲ್ಲಿಗೆ ಜೋಡಿಯ ಕಡ್ಡಾಯ ಮುಗಿಯಿತು.

2000ದ ನಂತರ ಜೋಡಿ ಮತ್ತೆ ಬಂತು, ಈ ಸಲ ವೇಗಕ್ಕಾಗಿ. ಎರಡು ಪಟ್ಟಿಗಳಿಗೆ ಎರಡು ದಾರಿ ಕೊಡುವುದೇ ಡ್ಯುಯಲ್ ಚಾನೆಲ್. ಮೊದಮೊದಲು ಅದಕ್ಕೆ ಸಮಾನ ಅಳತೆಯೇ ಬೇಕಿತ್ತು. 2004ರಲ್ಲಿ ಇಂಟೆಲ್ ತನ್ನ 915 ಚಿಪ್‌ಸೆಟ್‌ನಲ್ಲಿ ಫ್ಲೆಕ್ಸ್ ಮೆಮೊರಿ ತಂದಿತು. ಆ ಬಳಿಕ ಬೇರೆ ಬೇರೆ ಅಳತೆಯವೂ ಹೊಂದಿಕೊಂಡವು.

ಇದರ ಲೆಕ್ಕ ಸುಲಭ. 4 ಮತ್ತು 8 ಜಿಬಿ ಸೇರಿಸಿದರೆ ಒಟ್ಟು 12. ಎರಡರಿಂದಲೂ 4 ಜಿಬಿ ತೆಗೆದುಕೊಂಡು 8 ಜಿಬಿ ಜೋಡಿಯಾಗಿ ಓಡುತ್ತದೆ. ಉಳಿದ 4 ಜಿಬಿ ಒಂಟಿಯಾಗಿ, ಕಡಿಮೆ ವೇಗದಲ್ಲಿ ಓಡುತ್ತದೆ. ಯಾವುದೂ ವ್ಯರ್ಥವಾಗುವುದಿಲ್ಲ. ಬ್ರೌಸರ್, ಆನ್‌ಲೈನ್ ಕ್ಲಾಸ್, ಟೈಪಿಂಗ್‌ನಂಥ ಕೆಲಸಕ್ಕೆ ವೇಗದ ಈ ಸಣ್ಣ ವ್ಯತ್ಯಾಸಕ್ಕಿಂತ ಒಟ್ಟು ಜಿಬಿ ಹೆಚ್ಚಾಗುವುದೇ ಮುಖ್ಯ.

ಅಳತೆ ಬೇರೆ ಇರಬಹುದು, ತಳಿ ಬೇರೆ ಇರುವಂತಿಲ್ಲ. ಡಿಡಿಆರ್3 ಲ್ಯಾಪ್‌ಟಾಪ್ ಪಟ್ಟಿಗೆ 204 ಪಿನ್, ಡಿಡಿಆರ್4ಕ್ಕೆ 260. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ, ಒತ್ತಿ ಕೂರಿಸಲು ಹೋಗಬೇಡಿ. 2400 ಮತ್ತು 3200 ವೇಗದವನ್ನು ಸೇರಿಸಿದರೆ ಸಾಮಾನ್ಯವಾಗಿ ಎರಡೂ 2400ರಲ್ಲೇ ಓಡುತ್ತವೆ.

ಹಾಗಾಗಿ ಅಂಗಡಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ: ಖಾಲಿ ಸ್ಲಾಟ್ ಇದೆಯಾ? ಈಗಿರುವುದು ಯಾವ ಡಿಡಿಆರ್? ಎಷ್ಟು ವೋಲ್ಟ್? ಈ ಮಾಡೆಲ್ ಗರಿಷ್ಠ ಎಷ್ಟು ಜಿಬಿ ತೆಗೆದುಕೊಳ್ಳುತ್ತದೆ? ಉತ್ತರ ಸರಿಹೊಂದಿದರೆ ಹಳೆಯ 4 ಜಿಬಿ ಅಲ್ಲೇ ಇರಲಿ.